ಹಾಲೆಂಡಿನಲ್ಲೊಂದು ಬರಿಗಾಲ ಭಾನುವಾರ

ಚಾಮರಾಜಪೇಟೆ, ಹೊರಡುವ ಮುಂಚೆ

ವಿದೇಶಕ್ಕೆ ಹೋಗಿ ಬಂದವರು ಏನೇನು ಹೇಳುತ್ತಾರೋ ಅದನ್ನೆಲ್ಲ ನಾನು ಹೋಗುವ ಮೊದಲೇ ಕೇಳಿ ಮುಗಿಸಿದ್ದೆ. ರಸ್ತೆಯಲ್ಲಿ ಒಂದು ಕಾಗದದ ಚೂರು ಬಿದ್ದಿರುವುದಿಲ್ಲ, ಜನ ಸಾಲಿನಲ್ಲಿ ನಿಲ್ಲುತ್ತಾರೆ, ಯಾರೂ ಹಾರ್ನ್ ಹೊಡೆಯುವುದಿಲ್ಲ. ಎಲ್ಲವೂ ನಿಜ. ಹಾಲೆಂಡಿನಲ್ಲಿ ನಾನಿದ್ದ ವಾರವೂ ರಸ್ತೆ ಹಾಗೆಯೇ ಇತ್ತು, ಜನ ಹಾಗೆಯೇ ನಿಂತರು. ಅದನ್ನು ಇನ್ನೊಮ್ಮೆ ಹೇಳುವ ಅಗತ್ಯವಿಲ್ಲ. ನಾನು ಹೇಳುವುದು ನನ್ನ ಬೂಟು ಕಳೆದುಹೋದ ಕಥೆ, ಮತ್ತು ಅದರಿಂದ ಬೇರೊಬ್ಬರ ಮನೆಯಲ್ಲಿ ಎದ್ದ ಗಲಾಟೆಯ ಕಥೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನಾಗ ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ನಮ್ಮ ಮನೆಯೂ ಅಲ್ಲೇ, ನಾವು ಹೋಗುವ ಚಿಕ್ಕ ಕನ್ನಡ ಚರ್ಚೂ ಅಲ್ಲೇ. ಹಾಲೆಂಡಿನ ಯಾವುದೋ ಕ್ರೈಸ್ತ ಸಭೆಯವರಿಗೆ ನಮ್ಮ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿ, ಒಂದು ವಾರದ ತರಬೇತಿಗೆ ಇಬ್ಬರನ್ನು ಕಳಿಸಿ ಎಂದರು. ತರಬೇತಿಯ ಹೆಸರನ್ನು ನಮ್ಮ ಚರ್ಚಿನ ಕಾರ್ಯದರ್ಶಿ ಜಯಪಾಲ್ ತಾನೇ ಕನ್ನಡಕ್ಕೆ ತಂದು, ಆರಾಧನೆಯ ಕೊನೆಯಲ್ಲಿ ಗಂಟಲು ಸರಿಮಾಡಿಕೊಂಡು ಓದಿದ: ‘ಬಾಳಿನ ಸಕಲ ಕ್ಷೇತ್ರಗಳಲ್ಲಿ ಕ್ರೈಸ್ತ ವಿಶ್ವಾಸದ ಅನ್ವಯ.’

ಅನ್ವಯ ಎಂಬ ಪದ ಕೇಳಿ ನನಗೆ ಅಲ್ಲೇ ನಗು ಬಂತು. ಶಾಲೆಯಲ್ಲಿ ಅನ್ವಯ ಎಂದರೆ ಪದ್ಯದ ಪದಗಳನ್ನು ಬಿಡಿಸಿ ಗದ್ಯದ ಕ್ರಮದಲ್ಲಿ ಜೋಡಿಸುವುದು. ಕರ್ತೃಪದ ಯಾವುದು ಹುಡುಕಿ, ಅದನ್ನು ಮುಂದಕ್ಕೆ ತನ್ನಿ, ಕ್ರಿಯಾಪದವನ್ನು ಕೊನೆಯಲ್ಲಿ ಕೂರಿಸಿ ಎಂದು ವರ್ಷಗಟ್ಟಲೆ ಮಕ್ಕಳ ತಲೆ ತಿಂದವಳು ನಾನು. ಅನ್ವಯ ಮುಗಿಯುವ ಹೊತ್ತಿಗೆ ಅರ್ಥ ಕೈಗೆ ಸಿಕ್ಕಿರುತ್ತದೆ, ಹಾಡು ಎದ್ದು ಹೋಗಿರುತ್ತದೆ. ವಿಶ್ವಾಸಕ್ಕೂ ಇದನ್ನೇ ಮಾಡಲು ಹೊರಟಿದ್ದಾರಲ್ಲ ಎನಿಸಿತು.

ಹೋಗುವವರಲ್ಲಿ ಒಬ್ಬ ಜಯಪಾಲನೇ ಎಂಬುದು ಆಹ್ವಾನ ಬರುವ ಮೊದಲೇ ತೀರ್ಮಾನವಾಗಿತ್ತೆಂದು ನನ್ನ ಗುಮಾನಿ. ತ್ಯಾಗರಾಜನಗರದಲ್ಲಿ ಮನೆ, ವಿಮೆ ಮಾಡಿಸುವ ಕೆಲಸ, ಮಾತುಮಾತಿಗೆ ‘ಸ್ತೋತ್ರ’. ಕರೆಂಟು ಹೋದರೆ ಸ್ತೋತ್ರ, ಬಂದರೆ ಸ್ತೋತ್ರ, ಕಾಫಿಗೆ ಸಕ್ಕರೆ ಹೆಚ್ಚಾದರೂ ಸ್ತೋತ್ರ. ಇನ್ನೊಬ್ಬರು ಹೆಂಗಸಾಗಬೇಕು ಎಂದು ಹಾಲೆಂಡಿನವರು ಕೇಳಿದ್ದರು. ಪಾದ್ರಿಗಳ ಹೆಂಡತಿಗೆ ಮಂಡಿನೋವು. “ಸುಗುಣಾ ಟೀಚರ್ ಹೋಗ್ಲಿ ಬಿಡಿ, ಅವ್ರಿಗೆ ಗಂಡ ಮಕ್ಕಳು ಅಂತ ಯಾವ ತಾಪತ್ರಯಾನೂ ಇಲ್ಲ” ಎಂದು ಸ್ತ್ರೀ ಸಮಾಜದವರು ನನ್ನನ್ನು ಆರಿಸಿದರು. ಮದುವೆಯಾಗದೆ ಉಳಿದದ್ದಕ್ಕೆ ನನಗೆ ಸಿಕ್ಕ ಮೊದಲ ಬಹುಮಾನ ಅದು.

ಜೀವಮಾನವಿಡೀ ಚಪ್ಪಲಿ ಮೆಟ್ಟಿದ ನನ್ನನ್ನು ತಮ್ಮನ ಮಗಳು ಗಾಂಧಿಬಜಾರಿಗೆ ಎಳೆದುಕೊಂಡು ಹೋಗಿ ಕಪ್ಪು ಬೂಟು ಕೊಡಿಸಿದಳು. ಅದನ್ನು ಹಾಕಿಕೊಂಡು ಅಂಗಳದಲ್ಲಿ ನಡೆದು ನೋಡುತ್ತಿದ್ದಾಗ ಪಕ್ಕದ ಮನೆಯ ಪದ್ಮಮ್ಮ ಕಾಂಪೌಂಡಿನ ಆಚೆಯಿಂದ ಇಣುಕಿದರು. ಮಡಿ, ಏಕಾದಶಿ ಎಂದು ವರ್ಷವಿಡೀ ಒದ್ದಾಡುವ ಹೆಂಗಸು, ನನ್ನ ಜೊತೆ ಮಾತ್ರ ಸಲಿಗೆ.

“ಏನ್ರೀ ಸುಗುಣಾ, ಸೀರೆಗೆ ಬೂಟಾ? ಲೇಡಿ ಪೊಲೀಸ್ ಥರ ಕಾಣ್ತಿದೀರಲ್ರೀ.”

“ಅಲ್ಲಿ ಚಳಿಯಂತೆ ಪದ್ಮಮ್ಮ.”

“ಚಳಿ ಇರೋ ಊರಿಗೆ ಯಾಕ್ ಹೋಗ್ತೀರಾ? ದೇವ್ರು ಇಲ್ಲೂ ಇದಾನಲ್ಲ.”

ಆ ಪ್ರಶ್ನೆಗೆ ವಾರದ ತರಬೇತಿಯಲ್ಲೂ ನನಗೆ ಉತ್ತರ ಸಿಗಲಿಲ್ಲ.

ಹೆನ್ನಿಯಮ್ಮನ ಮನೆ

ನಮ್ಮಿಬ್ಬರನ್ನೂ ಇಳಿಸಿದ್ದು ಆ ಸಭೆಯ ಒಬ್ಬ ಮುದುಕಿಯ ಮನೆಯಲ್ಲಿ. ಗಂಡ ತೀರಿಹೋಗಿ ಕೆಲವು ವರ್ಷವಾಗಿತ್ತು. ಎತ್ತರದ ಆಳು, ಬಾಗಿಲಿಗೆ ಬಂದು ನಿಂತರೆ ಬಾಗಿಲು ಮುಚ್ಚಿದ ಹಾಗೆಯೇ. “ನನ್ನನ್ನು ಹೆನ್ನಿ ಎಂದು ಕರೆಯಿರಿ” ಎಂದರು. ಎಪ್ಪತ್ತು ದಾಟಿದವರನ್ನು ಹೆಸರು ಹಿಡಿದು ಕೂಗುವುದು ನನ್ನ ಬಾಯಿಗೆ ಬರುವುದಿಲ್ಲ. ಹೆನ್ನಿಯಮ್ಮ ಎಂದೆ. ಅದೂ ಹೆಸರಿನ ಭಾಗವೇ ಎಂದುಕೊಂಡರೋ ಏನೋ, ತಲೆಯಾಡಿಸಿದರು. ಅವರ ಇಂಗ್ಲಿಷೂ ನನ್ನ ಇಂಗ್ಲಿಷಿನಷ್ಟೇ ಬಡವಾಗಿತ್ತು. ಹಾಗಾಗಿ ನಮ್ಮಿಬ್ಬರಿಗೂ ಸುಳ್ಳು ಹೇಳುವಷ್ಟು ಮಾತು ಸಿಗುತ್ತಿರಲಿಲ್ಲ.

ಕಾಫಿ ಕೊಟ್ಟರು. ಒಂದು ತಗಡಿನ ಡಬ್ಬ ತೆರೆದು ಮುಂದೆ ಹಿಡಿದರು. ನಾನು ಒಂದು ಬಿಸ್ಕತ್ತು ತೆಗೆದುಕೊಂಡೆ, ಜಯಪಾಲ್ ಒಂದು ತೆಗೆದುಕೊಂಡ. ಡಬ್ಬ ಟಪ್ಪೆಂದು ಮುಚ್ಚಿ ಬೀರುವಿನೊಳಗೆ ಹೋಯಿತು. ವಾರವಿಡೀ ಅದು ಎರಡನೆಯ ಸಲ ತೆರೆದದ್ದನ್ನು ನಾನು ಕಾಣೆ. ನಮ್ಮ ಬೀದಿಯಲ್ಲಿ ಮೀಟರ್ ಓದಲು ಬಂದವನಿಗೂ ತಟ್ಟೆಯಲ್ಲಿ ಚಕ್ಕುಲಿ ಇಟ್ಟು, “ಅಯ್ಯೋ, ಏನೂ ತಗೊಳ್ಲೇ ಇಲ್ವಲ್ಲ” ಎಂದು ಇನ್ನೆರಡು ಹಾಕುತ್ತಾರೆ. ಇಲ್ಲಿ ಬಿಸ್ಕತ್ತಿನಲ್ಲೂ ಸಂಯಮ. ಜಯಪಾಲ್ ಅದಕ್ಕೂ ಸ್ತೋತ್ರ ಎಂದ.

ಆ ಊರಿನವರು ಕಿಟಕಿಗೆ ಪರದೆ ಎಳೆಯುವುದಿಲ್ಲ. ರಸ್ತೆಯಲ್ಲಿ ಹೋಗುವವರಿಗೆ ಇಡೀ ಮನೆ ಕಾಣುತ್ತದೆ. ನಮ್ಮ ಮನೆಯಲ್ಲಿ ಬಚ್ಚಿಡುವಂಥದ್ದು ಏನೂ ಇಲ್ಲ ಎಂದು ಸಾರುವ ಪದ್ಧತಿಯಂತೆ. ಚೆನ್ನಾಗಿದೆ. ಹಜಾರದ ಗೋಡೆಯ ಮೇಲೆ ಮಾತ್ರ ಒಂದು ಫೋಟೋ ಇದ್ದ ಜಾಗದಲ್ಲಿ ಬರೀ ಮೊಳೆ ಉಳಿದಿತ್ತು. ಅದು ರಸ್ತೆಗೆ ಕಾಣುವಂತಿರಲಿಲ್ಲ.

ಎರಡನೆಯ ದಿನ ಬಚ್ಚಲಿನಲ್ಲಿ ನನ್ನ ಹವಾಯಿ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಊರಲ್ಲಾದರೆ ಪಿನ್ನು ಚುಚ್ಚಿ ಇನ್ನೊಂದು ವರ್ಷ ಓಡಿಸುತ್ತಿದ್ದೆ. ಇಲ್ಲಿ ಹೆನ್ನಿಯಮ್ಮ ಎರಡು ಬೆರಳಲ್ಲಿ ಎತ್ತಿ ಕಸದ ಡಬ್ಬಿಗೆ ಹಾಕಿಬಿಟ್ಟರು. ಉಳಿದದ್ದು ಬೂಟು ಒಂದೇ.

ಎಂಟು ಕೋಣೆಗಳು

ತರಬೇತಿ ಕೊಡುವವರು ಒಬ್ಬ ಡಾಕ್ಟರು. ಕಾಯಿಲೆ ನೋಡುವ ಡಾಕ್ಟರಲ್ಲ, ಓದಿ ಡಾಕ್ಟರಾದವರು. ಪರದೆಯ ಮೇಲೆ ಒಂದು ಮನೆಯ ಚಿತ್ರ ಬೀಳಿಸಿದರು. ಅದರಲ್ಲಿ ಎಂಟು ಕೋಣೆ. ಸಂಸಾರದ ಕೋಣೆ, ದುಡಿಮೆಯ ಕೋಣೆ, ದುಡ್ಡಿನ ಕೋಣೆ, ದೇಹದ ಕೋಣೆ, ಓದಿನ ಕೋಣೆ, ವಿರಾಮದ ಕೋಣೆ, ನೆರೆಹೊರೆಯ ಕೋಣೆ, ಆರಾಧನೆಯ ಕೋಣೆ. ಪ್ರತಿ ಕೋಣೆಯ ಬೀಗದ ಕೈಯನ್ನೂ ದೇವರಿಗೆ ಒಪ್ಪಿಸಿದ್ದೀರಾ ಎಂಬುದು ಅವರ ಪ್ರಶ್ನೆ. ಸಭಾಂಗಣದಲ್ಲಿ ಎಲ್ಲರೂ ತಪ್ಪಿತಸ್ಥರ ಹಾಗೆ ತಲೆ ತಗ್ಗಿಸಿದರು. ಜಯಪಾಲ್ ತಾನು ತಂದಿದ್ದ ಚಿಕ್ಕ ಟೇಪ್ ರೆಕಾರ್ಡರನ್ನು ಮುಂದಕ್ಕೆ ಸರಿಸಿದ.

ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ. ಕೈಯೆತ್ತಿ ಕೇಳಿದೆ: “ನಮ್ಮ ಮನೆಯಲ್ಲಿ ಇರುವುದೇ ಎರಡೂವರೆ ಕೋಣೆ. ಅಡುಗೆಮನೆಯಲ್ಲೇ ಪ್ರಾರ್ಥನೆ, ಅಲ್ಲೇ ಪರೀಕ್ಷೆ ಪೇಪರ್ ತಿದ್ದುವುದು, ಅಲ್ಲೇ ನೆರೆಮನೆಯವರ ಜೊತೆ ಜಗಳ. ಬೀಗವೂ ಒಂದೇ. ನಾನೇನು ಮಾಡಬೇಕು?”

ಡಾಕ್ಟರು ದಯೆಯಿಂದ ನಕ್ಕರು. ಇದು ರೂಪಕ ಎಂದು ವಿವರಿಸಿದರು. ಕನ್ನಡ ಟೀಚರಿಗೆ ರೂಪಕ ಎಂದರೇನೆಂದು ಹೇಳಿಕೊಟ್ಟ ಪುಣ್ಯ ಅವರದು.

ಮುಂದಿನ ದಿನಗಳಲ್ಲಿ ಒಂದೊಂದೇ ಕೋಣೆ ತೆರೆಯಿತು. ಪಾತ್ರೆ ತೊಳೆಯುವುದನ್ನು ಆರಾಧನೆಯಾಗಿ ಮಾಡುವುದು ಹೇಗೆ ಎಂದು ಒಂದು ಬೆಳಗ್ಗೆ ಪೂರ್ತಿ ಹೇಳಿದರು. ಅವರ ಕೈ ನೋಡಿದೆ. ಪಾತ್ರೆ ತೊಳೆದ ಕೈಯಲ್ಲ ಅದು. ನಿದ್ದೆಗೂ ಅನ್ವಯ, ಸೈಕಲ್ ತುಳಿಯುವುದಕ್ಕೂ ಅನ್ವಯ. ನಮ್ಮ ಪದ್ಮಮ್ಮ ಏಳುವಾಗ ಯಾವ ಮಗ್ಗುಲಲ್ಲಿ ಏಳಬೇಕು, ಬಾವಿಯ ನೀರು ಎಷ್ಟು ಹೊತ್ತಿಗೆ ತರಬೇಕು ಎಂದು ಲೆಕ್ಕ ಹಾಕುವಾಗ ನಮ್ಮ ಚರ್ಚಿನವರು ಮರೆಯಲ್ಲಿ ನಗುತ್ತಾರೆ. ಅದೇ ಮಡಿಯನ್ನು ಪರದೆಯ ಮೇಲೆ ಬಣ್ಣದಲ್ಲಿ ತೋರಿಸಿದರೆ ಟೇಪ್ ಮಾಡಿಕೊಳ್ಳುತ್ತಾರೆ.

“ಅಕ್ಕಾ, ಎಂಥಾ ಪಾಯಿಂಟ್ಸು ನೋಡಿ” ಎಂದು ಜಯಪಾಲ್ ಊಟದ ಹೊತ್ತಿನಲ್ಲಿ ಕಣ್ಣರಳಿಸಿದ. ಊಟ ಎಂದರೆ ತಣ್ಣನೆಯ ಬ್ರೆಡ್ಡು, ಅದರ ಮೇಲೆ ಚಾಕೊಲೇಟ್ ಚೂರು. ದೊಡ್ಡವರು, ಅದೂ ಡಾಕ್ಟರು, ಚಾಕೊಲೇಟ್ ಉದುರಿಸಿಕೊಂಡು ತಿನ್ನುತ್ತಾರೆ.

“ಪಾಯಿಂಟ್ಸ್ ಇರ್ಲಿ ಜಯಪಾಲ್. ಅನ್ನ ಯಾವ ಕೋಣೇಲಿ ಸಿಗತ್ತೆ ಕೇಳು.”

ಸೇತುವೆಯ ಆಚೆ

ಸಂಜೆ ಹೆನ್ನಿಯಮ್ಮ ನಮ್ಮನ್ನು ಕರೆದುಕೊಂಡು ಹೋಗಲು ಸಭಾಂಗಣಕ್ಕೆ ಬರುತ್ತಿದ್ದರು. ದಾರಿಯಲ್ಲಿ ಒಂದು ಕಾಲುವೆ, ಅದರ ಮೇಲೊಂದು ಸೇತುವೆ, ಸೇತುವೆಯ ಆಚೆ ರೈಲು ನಿಲ್ದಾಣದ ಕಡೆಗೆ ಹೊಸ ಅಂಗಡಿಗಳು. ಅಲ್ಲೊಂದು ಜಾಗದಲ್ಲಿ ಹೆನ್ನಿಯಮ್ಮ ಪ್ರತಿದಿನವೂ ರಸ್ತೆ ದಾಟಿ ಎದುರು ಬದಿಗೆ ಹೋಗುತ್ತಿದ್ದರು. ಸ್ವಲ್ಪ ದೂರ ನಡೆದು ಮತ್ತೆ ಈ ಬದಿಗೆ ಬರುತ್ತಿದ್ದರು. ಮೂರನೆಯ ಸಂಜೆ ನಾನು ಕೇಳಿಯೇಬಿಟ್ಟೆ. ಆ ಬದಿಯಲ್ಲಿ ನಾಯಿ ಇದೆಯೇ?

“ನಾಯಿ ಅಲ್ಲ. ನನ್ನ ಮಗಳು” ಎಂದರು.

ಅಲ್ಲೊಂದು ಬೂಟಿನ ಅಂಗಡಿ ಇತ್ತು. ಅದರ ಒಡತಿ ಆನ್ನೆಕೆ, ಹೆನ್ನಿಯಮ್ಮನ ಒಬ್ಬಳೇ ಮಗಳು. ವಾಸವೂ ಅಂಗಡಿಯ ಮೇಲಿನ ಮನೆಯಲ್ಲೇ. ಸರ್ಕಾರ ಕೆಲವು ಭಾನುವಾರಗಳಲ್ಲಿ ಅಂಗಡಿ ತೆರೆಯಬಹುದು ಎಂದಾಗ ಮಗಳು ತೆರೆದಳು. ಹೆನ್ನಿಯಮ್ಮ ಬೇಡವೆಂದರು. ಭಾನುವಾರ ದೇವರ ದಿನ, ಅಂದು ಮಾರುವುದೂ ತಪ್ಪು, ಕೊಳ್ಳುವುದೂ ತಪ್ಪು. ಮಗಳು ಕೇಳಲಿಲ್ಲ. ಆಗ ಇವರು ಸಭೆಯ ಹಿರಿಯರ ಎದುರಿಗೇ ಮಗಳಿಗೆ ಹೇಳಿದರಂತೆ: “ನನ್ನ ಬೂಟು ನಿನ್ನ ಅಂಗಡಿಯ ಹೊಸ್ತಿಲು ದಾಟುವುದಿಲ್ಲ.”

“ಆಮೇಲೆ?” ಎಂದೆ.

“ಆಮೇಲೆ ದಾಟಿಲ್ಲ.”

ಅವಳು ಈ ಮನೆಗೆ ಬರುವುದಿಲ್ಲವೇ ಎಂದರೆ, ಅಮ್ಮ ತನ್ನ ಮನೆಗೆ ಬರುವವರೆಗೆ ತಾನೂ ಬರುವುದಿಲ್ಲ ಎಂದಿದ್ದಾಳಂತೆ. ಹಟದಲ್ಲಿ ಮಗಳು ಯಾರ ಮಗಳೆಂದು ಬೇರೆ ಹೇಳಬೇಕಾಗಿಲ್ಲ. ಹೆನ್ನಿಯಮ್ಮನ ಗಂಡನ ಅಂತ್ಯಕ್ರಿಯೆಯ ದಿನವೂ ಇಬ್ಬರೂ ಗುಂಡಿಯ ಆ ಬದಿ ಈ ಬದಿ ನಿಂತಿದ್ದರಂತೆ. ಗೋಡೆಯ ಮೊಳೆಯಲ್ಲಿ ಯಾರ ಫೋಟೋ ಇತ್ತೆಂದು ಆಗ ತಿಳಿಯಿತು.

ನನಗೆ ಕೋಪ ಬಂತು. ನಮ್ಮಲ್ಲೂ ಇಂಥ ಮಾತು ಆಡುತ್ತಾರೆ. ನಿನ್ನ ಮನೆ ಹೊಸ್ತಿಲು ತುಳಿಯಲ್ಲ, ಸತ್ತರೂ ನಿನ್ನ ಮುಖ ನೋಡಲ್ಲ ಎಂದು ಬೀದಿಗೆ ಕೇಳುವಂತೆ ಕೂಗುತ್ತಾರೆ. ಕ್ರಿಸ್‌ಮಸ್ ಬಂದಾಗ ಅದೇ ಮನೆಗೆ ಕಜ್ಜಾಯದ ಡಬ್ಬ ಹೊತ್ತುಕೊಂಡು ಹೋಗುತ್ತಾರೆ. “ಮಕ್ಕಳನ್ನ ನೋಡಕ್ಕೆ ಬಂದೆ, ನಿನ್ನನ್ನಲ್ಲ” ಎಂದು ಹೇಳಿ ಊಟಕ್ಕೆ ಕೂರುತ್ತಾರೆ. ಆಡಿದ ಮಾತನ್ನು ಉಳಿಸಿಕೊಳ್ಳಬೇಕೆಂಬ ಹುಚ್ಚು ನಮಗಿಲ್ಲದಿರುವುದರಿಂದಲೇ ನಮ್ಮ ಸಂಸಾರಗಳು ಉಳಿದಿವೆ. ಇಲ್ಲಿಯವರು ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ. ಈ ಎಂಟು ಕೋಣೆಯ ಮನೆಯಲ್ಲಿ ಮಗಳು ನಿಲ್ಲುವುದಕ್ಕೆ ಒಂದು ಮೂಲೆ ಇಲ್ಲ. ಇದನ್ನು ಕಲಿಯಲು ನಾನು ಅಷ್ಟು ದೂರ ವಿಮಾನದಲ್ಲಿ ಬಂದಿದ್ದೆ.

ಭಾನುವಾರ, ಚರ್ಚಿನ ಬಾಗಿಲು

ಶನಿವಾರ ಸಂಜೆಯೇ ಹೆನ್ನಿಯಮ್ಮ ಮಾರನೆಯ ದಿನದ ಆಲೂಗಡ್ಡೆ ಸಿಪ್ಪೆ ಹೆರೆದು ನೀರಿನಲ್ಲಿ ಹಾಕಿಟ್ಟರು. ಭಾನುವಾರ ಚಾಕು ಮುಟ್ಟಬಾರದು, ಬೇಯಿಸಬಹುದು. ಬಟ್ಟೆ ಒಣಹಾಕಬಾರದು, ಮಡಿಸಬಹುದೋ ಏನೋ ನಾನು ಕೇಳಲಿಲ್ಲ. ನಮ್ಮಲ್ಲಿ ಆರಾಧನೆ ಮುಗಿದದ್ದೇ ಕೆಲವರು ಚೀಲ ಹಿಡಿದು ಕಲಾಸಿಪಾಳ್ಯದ ತರಕಾರಿಗೆ ಓಡುತ್ತಾರೆ. ಮಿಕ್ಕ ಅರ್ಧ ಸಭೆ ಮಟನ್ ಅಂಗಡಿಯ ಮುಂದೆ ಸಿಗುತ್ತದೆ. ಪಾದ್ರಿಗಳೂ ಅಲ್ಲೇ ಇರುತ್ತಾರೆ.

ಚರ್ಚು ಹೆನ್ನಿಯಮ್ಮನ ಮನೆಯ ಹಿಂದಿನ ಬೀದಿಯಲ್ಲೇ. ಒಳಗೆ ಹೋಗುವಾಗ ನಾನು ಮಾಡಿದ್ದು ಹುಟ್ಟಿದಾಗಿನಿಂದ ಮಾಡುತ್ತ ಬಂದದ್ದನ್ನೇ. ನಮ್ಮ ಚರ್ಚಿನಲ್ಲಿ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತೇವೆ. ಬೆಂಚು ಬಂದು ಎಷ್ಟೋ ಕಾಲವಾದರೂ ಚಾಪೆಯ ಕಾಲದ ಆ ರೂಢಿ ಹೋಗಿಲ್ಲ. ಬಾಗಿಲ ಪಕ್ಕದಲ್ಲಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ, ಅದರ ಸುತ್ತ ಜೋಡಿ ಜೋಡಿ ಬೂಟುಗಳು. ಓಹೋ, ಇಲ್ಲೂ ಮರ್ಯಾದೆ ಇದೆಯಲ್ಲ ಎಂದುಕೊಂಡು ನನ್ನ ಕಪ್ಪು ಬೂಟನ್ನೂ ಅಲ್ಲೇ ನೀಟಾಗಿ ಜೋಡಿಸಿಟ್ಟೆ. ಕಾಲುಚೀಲದಲ್ಲಿ ಒಳಗೆ ಹೋದೆ. ಹೆನ್ನಿಯಮ್ಮ ಮುಂದೆ ನಡೆಯುತ್ತಿದ್ದರು, ನೋಡಲಿಲ್ಲ. ಜಯಪಾಲ್ ಬೂಟು ಹಾಕಿಕೊಂಡೇ ಒಳಗೆ ಬಂದ. ಹೊರದೇಶಕ್ಕೆ ಬಂದ ಮೇಲೆ ರೂಢಿ ಯಾಕೆ ಎಂದಿರಬೇಕು.

ಆರಾಧನೆ ಮುಗಿಸಿ ಬಂದರೆ ಪೆಟ್ಟಿಗೆಯೂ ಇಲ್ಲ, ಬೂಟೂ ಇಲ್ಲ. ಬಾಗಿಲಲ್ಲಿದ್ದ ಎತ್ತರದ ಯಜಮಾನರು ಬಹಳ ವಿನಯದಿಂದ ವಿವರಿಸಿದರು. ಅದು ಬಡವರಿಗಾಗಿ ಬೂಟು ಕೂಡಿಸುವ ಪೆಟ್ಟಿಗೆಯಂತೆ. ಯುವಕರು ಆರಾಧನೆಯ ಮಧ್ಯದಲ್ಲೇ ವ್ಯಾನಿಗೆ ಹಾಕಿಕೊಂಡು ದೂರದ ಊರಿಗೆ ಹೊರಟುಹೋದರಂತೆ.

“ಭಾನುವಾರ ಕೆಲಸ ಮಾಡಬಾರದಲ್ಲ?” ಎಂದೆ.

“ದಯೆಯ ಕೆಲಸಕ್ಕೆ ಅಡ್ಡಿಯಿಲ್ಲ.”

“ಯಾವ ಬಡವರಿಗೆ?”

ಅವರು ಕೊಂಚ ತಡವರಿಸಿದರು. “ನಿಮ್ಮ ಕಡೆಯ ದೇಶಗಳಿಗೆ.”

ಅಂದರೆ ನನ್ನ ಬೂಟು ಗಾಂಧಿಬಜಾರಿಗೆ ವಾಪಸು ಹೊರಟಿತ್ತು, ನಾನು ಮಾತ್ರ ಹಾಲೆಂಡಿನಲ್ಲಿ ಬರಿಗಾಲಲ್ಲಿ ನಿಂತಿದ್ದೆ. ವ್ಯಾನು ಮರಳುವುದು ಸೋಮವಾರ ಸಂಜೆ. ನಮ್ಮ ರೈಲು ಸೋಮವಾರ ಮುಂಜಾನೆ, ಯಾವ ಅಂಗಡಿಯೂ ತೆರೆಯುವ ಮೊದಲು. ಹೊರಗೆ ನವೆಂಬರಿನ ಚಳಿ, ಕಲ್ಲುಹಾಸೆಲ್ಲ ಒದ್ದೆ.

“ಅಕ್ಕಾ, ಅಪೊಸ್ತಲರು ನಡ್ಕೊಂಡೇ ಲೋಕ ಎಲ್ಲ ಸುತ್ತಿದ್ರು” ಎಂದು ಜಯಪಾಲ್ ಧೈರ್ಯ ಹೇಳಿದ.

“ಅವ್ರ ಕಾಲಲ್ಲಿ ಚಪ್ಪಲಿ ಇತ್ತು ಕಣಪ್ಪ.”

ಬಾಗಿಲವರೆಗೆ

ಮನೆಗೆ ಬಂದು ಹೆನ್ನಿಯಮ್ಮ ತಮ್ಮ ಇನ್ನೊಂದು ಜೋಡಿ ಬೂಟು ತಂದು ನನ್ನ ಮುಂದಿಟ್ಟರು. ಅದರ ಒಂದರೊಳಗೇ ನನ್ನ ಎರಡೂ ಪಾದ ಹಿಡಿಯುವಂತಿತ್ತು. ಪೇಪರು ತುರುಕಿ ನಡೆದೆ. ಹೆಜ್ಜೆ ಇಟ್ಟರೆ ಕಾಲು ಮುಂದೆ, ಬೂಟು ಹಿಂದೆ. ಆ ದೋಣಿಗಳನ್ನು ಕಟ್ಟಿಕೊಂಡು ರೈಲು ಹತ್ತಿ, ವಿಮಾನ ಹತ್ತಿ ಊರು ಸೇರುವುದು ನನ್ನಿಂದಾಗುವಂತಿರಲಿಲ್ಲ.

“ನಿಮ್ಮ ಮಗಳ ಅಂಗಡಿ ಇವತ್ತು ತೆರೆದಿದೆಯೇ?” ಎಂದೆ.

ಹೆನ್ನಿಯಮ್ಮ ಪಾತ್ರೆಯಲ್ಲಿದ್ದ ಆಲೂಗಡ್ಡೆಯನ್ನೇ ನೋಡುತ್ತಿದ್ದರು. “ತೆರೆದಿದೆ. ಆದರೆ ಇವತ್ತು ಕೊಳ್ಳುವುದು ತಪ್ಪು.”

“ನಿಮಗೆ ತಪ್ಪು. ನಾನು ಭಾನುವಾರ ಮಟನ್ ಕೊಳ್ಳುವವಳು. ಹೋಗಿ ಬರುತ್ತೇನೆ.” ಅಷ್ಟಕ್ಕೇ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. “ನಿಮ್ಮ ಡಾಕ್ಟರು ಎಂಟು ಕೋಣೆ ತೋರಿಸಿದರಲ್ಲ, ಬರಿಗಾಲಿನ ಅತಿಥಿ ಯಾವ ಕೋಣೆಗೆ ಸೇರುತ್ತಾಳೆ? ಮಗಳು ಯಾವ ಕೋಣೆಗೆ ಸೇರುತ್ತಾಳೆ?”

ಜಯಪಾಲ್ ಹೌಹಾರಿದ. “ಅಕ್ಕಾ, ಸುಮ್ನಿರಿ. ಭಾನುವಾರ ಇಲ್ಲಿನವರ ಮನಸ್ಸು ನೋಯಿಸ್ಬಾರ್ದು. ನಾನಂತೂ ಬರಲ್ಲ.” ಪ್ರತಿ ಭಾನುವಾರ ನಮ್ಮ ಚರ್ಚಿನ ಮೆಟ್ಟಿಲ ಮೇಲೆ ನಿಂತು ಹೊಸ ಪಾಲಿಸಿಗೆ ಜನ ಹಿಡಿಯುವವನ ಮಾತಿದು.

ಹೆನ್ನಿಯಮ್ಮ ಎದ್ದು ಕೋಟು ಹಾಕಿಕೊಂಡರು. “ನೀವು ದಾರಿ ತಪ್ಪುತ್ತೀರಿ. ನಾನು ಬರುತ್ತೇನೆ. ಬಾಗಿಲವರೆಗೆ.”

ನಾನು ದಾರಿ ತಪ್ಪುವಂತಿರಲಿಲ್ಲ. ದಿನವೂ ನಡೆದ ದಾರಿ ಅದು.

ಸೇತುವೆಯ ಮೇಲೆ ಅವರು ಕೇಳಿದರು: “ಚರ್ಚಿನಲ್ಲಿ ಬೂಟು ಯಾಕೆ ಬಿಟ್ಟಿರಿ?”

ನನಗೆ ಕಾಲು ನೋಯುತ್ತಿತ್ತು, ಉಪನ್ಯಾಸ ಕೊಡುವ ಉತ್ಸಾಹ ಇರಲಿಲ್ಲ. “ಬೂಟು ಊರೆಲ್ಲ ತಿರುಗಿ ಬಂದಿರುತ್ತದೆ. ಅದು ಹೊರಗೇ ಇರಲಿ, ನಾವು ಮಾತ್ರ ಒಳಗೆ ಹೋಗೋಣ ಅಂತ.”

“ಬೂಟು ಬೇರೆ, ನೀವು ಬೇರೆ?”

“ಬೇರೆಯಲ್ಲವೇ ಮತ್ತೆ?” ಎಂದೆ. ಎಂಥ ಪೆದ್ದು ಪ್ರಶ್ನೆ ಎಂದುಕೊಂಡೆ.

ಹೊಸ್ತಿಲು

ಈ ಸಲ ಹೆನ್ನಿಯಮ್ಮ ರಸ್ತೆ ದಾಟಲಿಲ್ಲ. ಅಂಗಡಿಯ ಬಾಗಿಲಿಗೆ ಬಂದು ನಿಂತುಬಿಟ್ಟರು. ಒಳಗೆ ಬೂದು ಬಣ್ಣದ ಜಮಖಾನ ಹಾಸಿತ್ತು. ನಮ್ಮ ಚಿಕ್ಕಪೇಟೆಯ ಸೀರೆ ಅಂಗಡಿಗಳಲ್ಲಿ ಹಾಸಿದ್ದರ ಮೇಲೆ ಯಾರೂ ಚಪ್ಪಲಿಯಲ್ಲಿ ಕಾಲಿಡುವುದಿಲ್ಲ. ಹಾಸು ಕಂಡರೆ ಸಾಕು, ನನ್ನ ಕಾಲು ನನ್ನನ್ನು ಕೇಳದೆಯೇ ಕಳಚಿಕೊಳ್ಳುತ್ತದೆ. ಹೊಸ್ತಿಲ ಹೊರಗೆ ಆ ಎರಡು ದೋಣಿಗಳನ್ನು ಬಿಟ್ಟು ಒಳಗೆ ಹೋದೆ. ಬೂಟು ಕೊಳ್ಳಲು ಬೂಟು ಬಿಟ್ಟು ಬಂದ, ಸೀರೆ ಉಟ್ಟ ಹೆಂಗಸನ್ನು ಕಂಡು ಗಲ್ಲಾದ ಹಿಂದಿದ್ದ ಆನ್ನೆಕೆ ಕನ್ನಡಕ ಏರಿಸಿಕೊಂಡಳು. ನಲವತ್ತರ ಆಸುಪಾಸು, ತಾಯಿಯದೇ ಎತ್ತರ, ಅದೇ ದವಡೆ. ಆಮೇಲೆ ನನ್ನ ಬೆನ್ನ ಹಿಂದೆ ನೋಡಿದಳು. ಕೈಯಲ್ಲಿದ್ದ ಪೆಟ್ಟಿಗೆಯ ಮುಚ್ಚಳ ಕೈಯಲ್ಲೇ ಉಳಿಯಿತು.

ತಾಯಿ ಹೊರಗೆ, ಮಗಳು ಒಳಗೆ. ಮಧ್ಯೆ ನಾನು, ಕಾಲುಚೀಲದಲ್ಲಿ. ಹನಿ ಶುರುವಾಯಿತು.

ಹೆನ್ನಿಯಮ್ಮ ನಾನು ಬಿಟ್ಟ ದೋಣಿಗಳನ್ನು ನೋಡಿದರು. ತಮ್ಮ ಕಾಲಿನ ಬೂಟು ನೋಡಿಕೊಂಡರು. ಆಮೇಲೆ ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ಬಗ್ಗಿದರು. ಆ ಎತ್ತರದ ಮೈ ಬಗ್ಗುವುದು ಸುಲಭವಲ್ಲ. ಲೇಸಿನ ಗಂಟು ಬಿಗಿದುಕೊಂಡಿತ್ತು, ಬೆರಳು ಸೆಟೆದಿತ್ತು. ಸಹಾಯಕ್ಕೆ ಹೋಗೋಣವೆಂದುಕೊಂಡೆ. ಹೋಗಲಿಲ್ಲ. ಒಂದು ಬೂಟು ಬಿಡಿಸಿದರು, ಇನ್ನೊಂದು ಬಿಡಿಸಿದರು. ಎರಡನ್ನೂ ಹೊರಗಿನ ಕಲ್ಲಿನ ಮೇಲೆ ಒಂದರ ಪಕ್ಕ ಒಂದು ಇಟ್ಟು, ಕಂದು ಕಾಲುಚೀಲದಲ್ಲಿ ಹೊಸ್ತಿಲು ದಾಟಿ ಒಳಗೆ ಬಂದರು.

ನನ್ನ ಬೂಟು ನಿನ್ನ ಅಂಗಡಿಯ ಹೊಸ್ತಿಲು ದಾಟುವುದಿಲ್ಲ. ಆ ವಾಕ್ಯವನ್ನು ನಾನು ಮನಸ್ಸಿನಲ್ಲೇ ಕರಿಹಲಗೆಯ ಮೇಲೆ ಬರೆದು ನೋಡಿದೆ. ಕರ್ತೃಪದ ಯಾವುದು? ಬೂಟು. ಆಡಿದವರಲ್ಲ. ವರ್ಷಗಳಿಂದ ಆ ಮಾತನ್ನು ಹೊತ್ತು ತಿರುಗಿದ ಮುದುಕಿ ಅದಕ್ಕೆ ಅನ್ವಯ ಮಾಡಿಬಿಟ್ಟಿದ್ದರು. ಕನ್ನಡ ಟೀಚರಿಗೆ ಹೊಳೆದಿರಲಿಲ್ಲ. ಮಾತು ಒಂದಕ್ಷರವೂ ಕೆಡದೆ ಹೊರಗೆ ಕಲ್ಲಿನ ಮೇಲೆ ನೆನೆಯುತ್ತಿತ್ತು.

ಆನ್ನೆಕೆ ತನ್ನ ಭಾಷೆಯಲ್ಲಿ ಏನೋ ಅಂದಳು, ಗದರಿದ ಹಾಗಿತ್ತು. ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ಎದುರು ಮೊಣಕಾಲೂರಿದಳು. ಆಮೇಲೆ ಏನು ಮಾಡುವುದೆಂದು ತೋಚದೆ, ಪಾದದ ಅಳತೆ ನೋಡುವ ತಗಡಿನ ಪಟ್ಟಿಯನ್ನು ಎಳೆದುಕೊಂಡು ತಾಯಿಯ ಪಾದವನ್ನು ಅದರ ಮೇಲಿಟ್ಟಳು. ಅಳತೆ ಓದಲಿಲ್ಲ. ಒದ್ದೆಯಾದ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಳು. ನನಗೆ ಅಳು ಬಂತು. ಮಕ್ಕಳ ಬೂಟಿನ ಕಡೆಗೆ ಹೋಗಿ ನಿಂತೆ.

ನಿಂತದ್ದು ಒಳ್ಳೆಯದೇ ಆಯಿತು. ನನ್ನ ಪಾದಕ್ಕೆ ಆ ದೇಶದಲ್ಲಿ ಆಗುವ ಬೂಟು ಸಿಕ್ಕಿದ್ದು ಅಲ್ಲೇ. ಕೆಂಪು ಬಣ್ಣ, ಹೆಜ್ಜೆ ಇಟ್ಟಾಗ ಹಿಮ್ಮಡಿಯಲ್ಲಿ ಲೈಟು ಮಿನುಗುತ್ತದೆ. ಬೇರೆ ಇಲ್ಲವೇ ಎಂದೆ. ಇಲ್ಲವಂತೆ. ದುಡ್ಡು ಕೊಟ್ಟೆ. ಭಾನುವಾರ ಮಾರಿದವಳಿಗೂ ಕೊಂಡವಳಿಗೂ ಏನೂ ಆಗಲಿಲ್ಲ.

ಹೊರಡೋಣವೆಂದು ನೋಡಿದರೆ ಹೊರಗೆ ಜೋರು ಮಳೆ. ಹೆನ್ನಿಯಮ್ಮನ ಎರಡು ಜೋಡಿ ಬೂಟಿನಲ್ಲೂ ನೀರು ತುಂಬಿತ್ತು. ಆನ್ನೆಕೆ ಒಂದು ಹೊಸ ಜೋಡಿ ತಂದು ತಾಯಿಯ ಮುಂದಿಟ್ಟಳು. ಹೆನ್ನಿಯಮ್ಮ ಬೇಡವೆಂದು ತಲೆಯಾಡಿಸಿದರು. ಕೊಳ್ಳುವುದು ಬೇಡ, ಸುಮ್ಮನೆ ತಗೊ ಎಂದು ಮಗಳು ಕೈಸನ್ನೆ ಮಾಡಿದಳು. ಅದಕ್ಕೂ ತಲೆಯಾಡಿಸಿದರು. ಮುದುಕಿಯ ದವಡೆ ಮತ್ತೆ ಬಿಗಿಯಿತು. ಮುಗಿಯಿತು, ಇನ್ನು ಇದಕ್ಕೇ ಇನ್ನೊಂದು ಜಗಳ ಎಂದುಕೊಂಡೆ.

“ನಾನು ಓಡಿ ಹೋಗಿ ಮನೆಯಿಂದ ಬೇರೆ ಬೂಟು ತರುತ್ತೇನೆ” ಎಂದೆ.

“ಬೇಡ” ಎಂದರು, ಬಹಳ ಬೇಗ.

ಆಮೇಲೆ ಮಗಳಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಆನ್ನೆಕೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಲು ಹೊರಟಳು. ಎರಡು ಸಲ ತಡೆದಳು.

“ಅಮ್ಮ ಭಾನುವಾರ ಕೊಳ್ಳುವುದಿಲ್ಲ. ಸೋಮವಾರ ಕೊಳ್ಳುತ್ತಾರಂತೆ. ಅಲ್ಲಿಯವರೆಗೆ... ಇಲ್ಲೇ ಕೂತಿರುತ್ತಾರಂತೆ.”

ಮೋಡ ನೋಡಿ ಮಳೆ ಯಾವ ಹೊತ್ತಿಗೆ ಬರುತ್ತದೆಂದು ಹೇಳಬಲ್ಲ ಊರಿನವರು ಅವರು. ಚಾಚಿದ ಸೂರಿನ ಕೆಳಗೆ ಜಾಗವಿದ್ದರೂ ಬೂಟನ್ನು ಬಯಲಲ್ಲೇ ಬಿಟ್ಟಿದ್ದರು. ಹೆನ್ನಿಯಮ್ಮ ಕೋಟಿನ ಜೇಬಿನಿಂದ ಮನೆಯ ಬೀಗದ ಕೈ ತೆಗೆದು ನನ್ನ ಕೈಗಿಟ್ಟರು.

“ಆಲೂಗಡ್ಡೆ ಸಿಪ್ಪೆ ಹೆರೆದಿದೆ. ಬೇಯಿಸಿಕೊಳ್ಳಿ. ಬಿಸ್ಕತ್ತಿನ ಡಬ್ಬ ಬೀರುವಿನಲ್ಲಿದೆ” ಎಂದರು. ಒಂದು ಕ್ಷಣ ಬಿಟ್ಟು, “ಎರಡು ತಗೊಳ್ಳಿ” ಎಂದರು.

ಮತ್ತೆ ಹೆನ್ನಿಯಮ್ಮನ ಮನೆ

ಆನ್ನೆಕೆಯ ಕೊಡೆ ಹಿಡಿದು, ಒಬ್ಬಳೇ ಸೇತುವೆ ದಾಟಿ ಬಂದೆ. ಐವತ್ತರ ಹೆಂಗಸು, ಒದ್ದೆಯಾದ ಸೀರೆಯ ಅಂಚು, ಅದರ ಕೆಳಗೆ ಹೆಜ್ಜೆಗೊಮ್ಮೆ ಮಿನುಗುವ ಕೆಂಪು ದೀಪ. ಪರದೆ ಇಲ್ಲದ ಕಿಟಕಿಗಳಿಂದ ಆ ಊರಿನ ದೈವಭಕ್ತರೆಲ್ಲ ನೋಡಿದರು. ನೋಡಲಿ. ಪದ್ಮಮ್ಮನಿಗೆ ಮಾತ್ರ ಏನು ಹೇಳುವುದೆಂದು ಯೋಚಿಸುತ್ತ ಬಂದೆ.

ಜಯಪಾಲ್ ಮೇಜಿನ ಮುಂದೆ ಕೂತು ಕ್ಯಾಸೆಟ್ ಹಿಂದಕ್ಕೆ ತಿರುಗಿಸುತ್ತಿದ್ದ. ಊರಲ್ಲಿ ಸಭೆಗೆ ಒಪ್ಪಿಸುವ ವರದಿಯ ತಯಾರಿ. ನನ್ನ ಕಾಲು ನೋಡಿ ಬಾಯಿ ತೆರೆದ. ಆಮೇಲೆ ನನ್ನ ಹಿಂದೆ ಬಾಗಿಲ ಕಡೆ ನೋಡಿದ.

“ಹೆನ್ನಿಯಮ್ಮ ಎಲ್ಲಕ್ಕಾ?”

“ಮಗಳ ಅಂಗಡೀಲಿ ಕೂತಿದಾರೆ. ಸೋಮವಾರ ಆಗ್ಲಿ ಅಂತ ಕಾಯ್ತಿದಾರೆ.”

ಅವನಿಗೆ ತಲೆಬುಡ ತಿಳಿಯಲಿಲ್ಲ. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ, ಲೇಸಿನ ಗಂಟಿನವರೆಗೆ. ಹೇಳಿ ಮುಗಿಸಿ, ಇನ್ನೇನು ಅವನ ಬಾಯಿಂದ ಆ ಮಾತು ಬೀಳುತ್ತದೆಂದು ಕಾದೆ. ಅವನು ಕ್ಯಾಸೆಟ್ ಹಿಡಿದುಕೊಂಡು ಹಾಗೇ ಕೂತಿದ್ದ.

ಕೊನೆಗೆ ಸ್ತೋತ್ರ ಎಂದವಳು ನಾನೇ.